ಜೀವನಪೂರ್ತಿಗೆ ಒಂದೇ ಊರು ಸಾಕೇ?

ಪ್ರಶ್ನೆ: ನನಗೆ 34 ವರ್ಷ, ಹೆಂಡತಿಗೆ 32, ಮಗನಿಗೆ 5. ಇಬ್ಬರೂ ಕೆಲಸದಲ್ಲಿದ್ದೇವೆ. ಅಪ್ಪನಿಗೆ 70, ಅಮ್ಮನಿಗೆ 66. ಅವರು ಐದು ಗಂಟೆ ದೂರದ ಚಿಕ್ಕ ಊರಿನಲ್ಲಿದ್ದಾರೆ. ನಾವಿರುವುದು ಮಧ್ಯಮ ಗಾತ್ರದ ನಗರ. ಈಗ ನನಗೆ ಮಹಾನಗರವೊಂದರಿಂದ ಶೇಕಡಾ 30ರಷ್ಟು ಹೆಚ್ಚು ಸಂಬಳದ ಕೆಲಸ ಬಂದಿದೆ. ಪದೇ ಪದೇ ಊರು ಬದಲಿಸುವ ಬದಲು ಒಂದೇ ಸಲ ಸರಿಯಾದ ನಗರ ಆರಿಸಿ, ಮನೆ ಕೊಂಡು, ಮಗನ ಓದಿನಿಂದ ನಮ್ಮ ಮುಪ್ಪಿನವರೆಗೂ ಅಲ್ಲೇ ಇದ್ದುಬಿಡೋಣ ಎನ್ನುವುದು ನಮ್ಮ ಆಸೆ. ಅಂಥ ನಗರವನ್ನು ಆರಿಸುವುದು ಹೇಗೆ?

ಉತ್ತರ: ನಿಮ್ಮ ಪ್ರಶ್ನೆಯ ತೊಡಕಿರುವುದು ‘ಒಂದೇ ಸಲ’ ಎಂಬ ಮಾತಿನಲ್ಲಿ. ಓದು ಮುಗಿಸಿ ದುಡಿಮೆಗೆ ಇಳಿದವರಿಗೆ ಬೇಕಾದ್ದು ಒಂದು ಕೆಲಸ ಹೋದರೆ ಇನ್ನೊಂದು ಸಿಗುವ ನಗರ. ಪುಟ್ಟ ಮಕ್ಕಳಿರುವವರಿಗೆ ಬೇಕಾದ್ದು ಮನೆ, ಶಾಲೆ, ಕಚೇರಿ ಒಂದಕ್ಕೊಂದು ಹತ್ತಿರವಿರುವ ಬಡಾವಣೆ. ಎಪ್ಪತ್ತು ದಾಟಿದವರಿಗೆ ಆಸ್ಪತ್ರೆ ಬೇಕು, ಲಿಫ್ಟು ಬೇಕು, ಎರಡು ದಿನ ಕಾಣದಿದ್ದರೆ ಬಾಗಿಲು ತಟ್ಟಿ ವಿಚಾರಿಸುವ ನಾಲ್ಕು ಜನ ಬೇಕು. ಇವೆಲ್ಲ ಒಟ್ಟಿಗೆ ಸಿಗುವ ಜಾಗಗಳೂ ಉಂಟು. ಸಾಮಾನ್ಯವಾಗಿ ಅವೇ ಎಲ್ಲಕ್ಕಿಂತ ದುಬಾರಿ ಜಾಗಗಳು. ಅಲ್ಲಿ ಈಗಲೇ ಮನೆ ಮಾಡಿದರೆ, ನಲವತ್ತು ವರ್ಷ ಕಳೆದ ಮೇಲೆ ಬೇಕಾಗುವ ಸೌಕರ್ಯಕ್ಕೆ ಈ ತಿಂಗಳಿನಿಂದಲೇ ಕಂತು ಕಟ್ಟಲು ಶುರು ಮಾಡಿದಂತೆ. ಮೇಲಾಗಿ ನಲವತ್ತು ವರ್ಷದಲ್ಲಿ ಆ ನಗರವೂ ಇದ್ದಂತೆ ಇರುವುದಿಲ್ಲ.

ಹಾಗಾಗಿ ಊರಿನ ಹೆಸರು ಎತ್ತುವ ಮೊದಲು ವರ್ಷಗಳ ಲೆಕ್ಕ ಹಾಕಿ. ಒಂದು ಹಾಳೆಯಲ್ಲಿ ಮನೆಯ ಎಲ್ಲರ ವಯಸ್ಸು ಬರೆದು, ಪಕ್ಕದಲ್ಲಿ 5, 8, 12 ವರ್ಷಗಳ ನಂತರದ ವಯಸ್ಸು ಬರೆಯಿರಿ. ನಿಮ್ಮ ಮನೆಯಲ್ಲಿ ಎಂಟು ವರ್ಷಕ್ಕೆ ಮಗನಿಗೆ 13, ಅಪ್ಪನಿಗೆ 78, ನಿಮಗೆ 42. ಆ ಸಾಲಿನಲ್ಲಿ ಮೂರು ವಿಷಯಗಳು ಒಂದರ ಮೇಲೊಂದು ಬೀಳುತ್ತವೆ: ಮಗನ ಪ್ರೌಢಶಾಲೆ, ಅಪ್ಪನ ಆರೈಕೆ, ನಿಮ್ಮ ವೃತ್ತಿಯ ನಡುಹಂತ. ನೀವು ಈಗ ಆರಿಸಬೇಕಿರುವುದು ಆ ಸಾಲಿನವರೆಗಿನ ಊರನ್ನು ಮಾತ್ರ. ಅದರಾಚೆಗಿನದಕ್ಕೆ ಇನ್ನೊಂದು ಸಲ, ಆಗಿನ ಮಾಹಿತಿ ಇಟ್ಟುಕೊಂಡು ಕೂರಬಹುದು.

ಊರು ಬದಲಿಸುವ ಕಷ್ಟ ಎಲ್ಲ ವಯಸ್ಸಿನಲ್ಲೂ ಒಂದೇ ಅಲ್ಲ ಎಂಬುದು ಇಲ್ಲಿ ಮುಖ್ಯ. ಇಪ್ಪತ್ತೈದರಲ್ಲಿ ಎರಡು ಪೆಟ್ಟಿಗೆ ಹಿಡಿದು ಹೊರಟರೆ ಮುಗಿಯಿತು. ಮಗು ಐದು ವರ್ಷದ್ದಾಗಿದ್ದಾಗ ಅದು ಹೊಸ ಶಾಲೆಗೆ ಬೇಗನೆ ಹೊಂದಿಕೊಳ್ಳುತ್ತದೆ. ಹದಿನೈದಕ್ಕೆ ಗೆಳೆಯರ ಬಳಗ, ಪಠ್ಯಕ್ರಮ, ಬೋಧನೆಯ ಭಾಷೆ, ಎಲ್ಲವೂ ಒಮ್ಮೆಲೇ ಕೈತಪ್ಪುತ್ತವೆ. ಐವತ್ತೈದರಿಂದ ಅರವತ್ತೈದರ ನಡುವೆ ಬದಲಾವಣೆ ಮತ್ತೆ ಸುಲಭವಾಗುತ್ತದೆ. ಎಪ್ಪತ್ತೈದರ ನಂತರ ಅದು ಎಲ್ಲಕ್ಕಿಂತ ಕಷ್ಟ. ಈ ಏರಿಳಿತ ಗೊತ್ತಿದ್ದರೆ ಯಾವ ಬಾಗಿಲು ಯಾವಾಗ ಮುಚ್ಚುತ್ತದೆ ಎಂದು ತಿಳಿಯುತ್ತದೆ. ಬಾಗಿಲು ತೆರೆದಿರುವಾಗ ಹೊರಡುವುದಷ್ಟೇ ಜಾಣತನ.

ಮಹಾನಗರ ಕೊಡುವುದೇನು?

ಮಹಾನಗರದಲ್ಲಿ ಸಂಬಳ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತು. ಲೂಯಿಸ್ ಬೆಟೆನ್‌ಕೋರ್ಟ್, ಜೆಫ್ರಿ ವೆಸ್ಟ್ ಎಂಬ ವಿಜ್ಞಾನಿಗಳು ಮತ್ತು ಸಂಗಡಿಗರು 2007ರಲ್ಲಿ ತೋರಿಸಿದ ಲೆಕ್ಕ ಪ್ರಸಿದ್ಧ: ನಗರದ ಜನಸಂಖ್ಯೆ ಇಮ್ಮಡಿಯಾದರೆ ತಲಾ ವೇತನ, ಪೇಟೆಂಟುಗಳಂಥವು ಸುಮಾರು ಶೇ 15ರಷ್ಟು ಏರುತ್ತವೆ. ಆದರೆ ಅಪರಾಧ, ಸೋಂಕುರೋಗಗಳೂ ಅದೇ ಬಗೆಯಲ್ಲಿ ಏರುತ್ತವೆ. ಒಳ್ಳೆಯದೂ ಕೆಟ್ಟದ್ದೂ ಒಂದೇ ಕಟ್ಟಿನಲ್ಲಿ ಬರುವ ಸರಕು ಅದು.

ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ಸ್ಪೇನಿನ ಅಧ್ಯಯನ. ಹೋರ್ಹೆ ದೆ ಲಾ ರೋಕಾ ಮತ್ತು ಡಿಯೆಗೊ ಪುಗಾ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ ಕೆಲಸಗಾರರ ದಾಖಲೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ದೊಡ್ಡ ನಗರಕ್ಕೆ ಬಂದ ಕೂಡಲೇ ಸಂಬಳ ಸ್ವಲ್ಪ ಏರುತ್ತದೆ; ನಿಜವಾದ ಗಳಿಕೆ ಆಮೇಲಿನದು. ಅಲ್ಲಿ ಕಳೆದ ಒಂದೊಂದು ವರ್ಷದ ಅನುಭವಕ್ಕೂ ಚಿಕ್ಕ ನಗರದ ಅನುಭವಕ್ಕಿಂತ ಹೆಚ್ಚು ಬೆಲೆ ಸಿಗುತ್ತದೆ, ಮತ್ತು ಅಲ್ಲಿಂದ ಹೊರಟುಹೋದ ಮೇಲೂ ಆ ಬೆಲೆಯ ಬಹುಪಾಲು ಜೊತೆಗೆ ಉಳಿಯುತ್ತದೆ. ಅಂದರೆ ಮಹಾನಗರವನ್ನು ಒಂದು ವೃತ್ತಿಶಾಲೆಯಂತೆ ಬಳಸಿಕೊಳ್ಳಬಹುದು. ಐದಾರು ವರ್ಷ ಇದ್ದು, ಕಲಿತು, ಕಲಿತದ್ದನ್ನು ಕಟ್ಟಿಕೊಂಡು ಬೇರೆ ಊರಿಗೆ ಹೊರಡಬಹುದು. ಅಲ್ಲೇ ಬೇರುಬಿಡಲೇಬೇಕೆಂಬ ಕಟ್ಟುಪಾಡಿಲ್ಲ.

ಈ ಲಾಭ ಎಲ್ಲ ವೃತ್ತಿಗಳಿಗೂ ಒಂದೇ ತೂಕದ್ದಲ್ಲ. ಪರೀಕ್ಷೆ ಸುಲಭ: ನೀವು ಸೇರಲಿರುವ ಸಂಸ್ಥೆಯನ್ನು ಬಿಟ್ಟು, ಆ ನಗರದಲ್ಲಿ ನಿಮ್ಮಂಥವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಇನ್ನೂ ಐದು ಸಂಸ್ಥೆಗಳ ಹೆಸರು ಬರೆಯಿರಿ. ಬರೆಯಲು ಆದರೆ ಅದು ನಿಮ್ಮ ಪಾಲಿಗೆ ದೊಡ್ಡ ನಗರ. ಎರಡಕ್ಕೇ ನಿಂತರೆ ಜನಸಂಖ್ಯೆ ಕೋಟಿಯಿದ್ದರೂ ಅದು ನಿಮಗೆ ಸಣ್ಣ ಊರೇ. ಹೆಂಡತಿಯ ವೃತ್ತಿಗೂ ಇದೇ ಪಟ್ಟಿ ಬೇರೆಯಾಗಿ ಆಗಬೇಕು. ಇಬ್ಬರೂ ದುಡಿಯುವ ಮನೆಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಒಬ್ಬರಿಗೆ ಬಡ್ತಿ ಸಿಕ್ಕ ಖುಷಿಯಲ್ಲಿ ಹೊರಟು, ಇನ್ನೊಬ್ಬರು ಒಂದೂವರೆ ವರ್ಷ ಕೆಲಸವಿಲ್ಲದೆ ಕೂತರೆ, ಶೇ 30 ಏರಿಕೆ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಆ 30ನ್ನೂ ಬಿಡಿಸಿ ನೋಡೋಣ. ಈಗಿನ ನಿಮ್ಮ ಸಂಬಳ 100 ಎಂದುಕೊಳ್ಳಿ. ತೆರಿಗೆ 10, ಬಾಡಿಗೆ 25, ಓಡಾಟ 5, ಶಾಲೆ ಮತ್ತು ಉಳಿದ ಖರ್ಚು 30, ಉಳಿಯುವುದು 30. ಹೊಸ ಊರಿನಲ್ಲಿ ಸಂಬಳ 130. ತೆರಿಗೆ 17, ಅಷ್ಟೇ ದೊಡ್ಡ ಮನೆಗೆ ಬಾಡಿಗೆ 45, ಓಡಾಟ 9, ಉಳಿದದ್ದು 38. ಈಗ ಉಳಿಯುವುದು 21. ಇವು ಉದಾಹರಣೆಯ ಅಂಕಿಗಳು. ನಿಮ್ಮ ಅಂಕಿಗಳನ್ನು ಹಾಕಿ ನೋಡಿ. ಸಂಬಳಕ್ಕೆ ಸಂಬಳ ಹೋಲಿಸುವವರು ಗಮನಿಸದ ಎರಡು ಸಾಲುಗಳೆಂದರೆ ತೆರಿಗೆ ಮತ್ತು ಬಾಡಿಗೆ. ಸಂಬಳ ಏರಿದಂತೆ ತೆರಿಗೆಯ ದರವೇ ಏರುವ ವ್ಯವಸ್ಥೆಯಲ್ಲಿ ಹೆಚ್ಚುವರಿ 30 ಪೂರ್ತಿಯಾಗಿ ಕೈಗೆ ಬರುವುದಿಲ್ಲ. ಬಾಡಿಗೆಯನ್ನು ಈಗಿನ ಮನೆಯಷ್ಟೇ ವಿಸ್ತಾರದ, ಕಚೇರಿಗೆ ಈಗಿನಷ್ಟೇ ದೂರದ ಮನೆಗೆ ಕೇಳಬೇಕು. ಜಾಹೀರಾತಿನ ಸರಾಸರಿ ಬಾಡಿಗೆಯಿಂದ ಏನೂ ತಿಳಿಯದು.

ಉಳಿತಾಯ ಕಡಿಮೆಯಾದರೆ ಹೋಗಲೇಬಾರದು ಎಂದೂ ಅಲ್ಲ. 25ರ ಹರೆಯದಲ್ಲಿ, ಕಲಿಕೆಯ ಲಾಭ ದೊಡ್ಡದಿದ್ದರೆ, ಎರಡು ಮೂರು ವರ್ಷ ಉಳಿತಾಯ ಶೂನ್ಯವಾದರೂ ಸಹಿಸಬಹುದು. 34ಕ್ಕೆ, ಮಗು ಮತ್ತು ವಯಸ್ಸಾದ ಹೆತ್ತವರನ್ನು ಇಟ್ಟುಕೊಂಡು ಅಷ್ಟು ಸಲೀಸಲ್ಲ. ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಹೊರಡಿ.

ಊರಿಗಿಂತ ಬಡಾವಣೆ

ನಕ್ಷೆಯಲ್ಲಿ ಕಾಣುವ ನಗರದಲ್ಲಿ ಯಾರೂ ವಾಸಿಸುವುದಿಲ್ಲ. ದಿನ ಕಳೆಯುವುದು ಮನೆಯ ಸುತ್ತ ಅರ್ಧ ಗಂಟೆಯ ವೃತ್ತದಲ್ಲಿ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಗಮನಕ್ಕೆ ತಂದ ಸಂಗತಿಯಿದು: ನಡಿಗೆಯ ಕಾಲವಿರಲಿ, ಕಾರಿನ ಕಾಲವಿರಲಿ, ಮನುಷ್ಯ ದಿನದ ಓಡಾಟಕ್ಕೆ ಸರಾಸರಿ ಒಂದು ಗಂಟೆಯ ಆಸುಪಾಸು ಕೊಡುತ್ತಾನೆ. ವೇಗ ಹೆಚ್ಚಿದರೆ ದೂರ ಹೋಗುತ್ತಾನೆಯೇ ಹೊರತು ಸಮಯ ಉಳಿಸುವುದಿಲ್ಲ. ಹೋಗಿಬರುವುದು ಸೇರಿ ಒಂದು ಗಂಟೆ ಎಂಬುದನ್ನೇ ಆರೋಗ್ಯಕರ ಗೆರೆ ಎಂದಿಟ್ಟುಕೊಂಡರೆ ತಪ್ಪಾಗದು.

ಗೆರೆ ದಾಟಿದರೆ ಏನಾಗುತ್ತದೆಂದು ಲೆಕ್ಕ ಹಾಕಿ. ಒಂದು ಬದಿಗೆ 25 ನಿಮಿಷವಿದ್ದದ್ದು 60 ಆಯಿತೆನ್ನಿ. ದಿನಕ್ಕೆ 70 ನಿಮಿಷ ಹೆಚ್ಚುವರಿ. ವರ್ಷಕ್ಕೆ 230 ಕೆಲಸದ ದಿನಗಳಾದರೆ ಸುಮಾರು 268 ಗಂಟೆ, ಅಂದರೆ ಎಂಟು ಗಂಟೆಯ 33 ದಿನಗಳು. ಸಂಬಳವಿಲ್ಲದೆ ಒಂದೂವರೆ ತಿಂಗಳು ದುಡಿದ ಹಾಗೆ. ದೊಡ್ಡ ಮನೆಯ ಆಸೆಗೆ ದೂರ ಹೋಗುವವರಿಗೆ ಈ ಲೆಕ್ಕ ಹೇಳಿದರೆ ‘ಅಭ್ಯಾಸವಾಗುತ್ತದೆ ಬಿಡಿ’ ಎನ್ನುತ್ತಾರೆ. ದೊಡ್ಡ ಮನೆ ಬೇಗ ಅಭ್ಯಾಸವಾಗುತ್ತದೆ, ನಿಜ. ದಿನಕ್ಕೊಂದು ರೂಪ ತಾಳುವ ವಾಹನದಟ್ಟಣೆ ಅಷ್ಟು ಬೇಗ ಅಭ್ಯಾಸವಾಗುವುದಿಲ್ಲ. ಒಂದು ಕೋಣೆ ಕಡಿಮೆಯಾದರೂ ಹತ್ತಿರದ ಮನೆಯನ್ನೇ ಆರಿಸಿ ಎಂಬುದು ನನ್ನ ಖಚಿತ ಸಲಹೆ, ಮುಖ್ಯವಾಗಿ ಮಗುವಿಗೆ ಹತ್ತು ತುಂಬುವವರೆಗೆ. ಮಗುವಿಗೆ ಜ್ವರ ಬಂದಿದೆಯೆಂದು ಶಾಲೆಯಿಂದ ಕರೆ ಬಂದಾಗ ಇಬ್ಬರಲ್ಲಿ ಒಬ್ಬರಾದರೂ 30 ನಿಮಿಷದಲ್ಲಿ ಶಾಲೆ ತಲುಪುವಂತಿರಬೇಕು.

ಮಕ್ಕಳ ವಿಷಯದಲ್ಲಿ ಬಡಾವಣೆ ಎಷ್ಟು ಮುಖ್ಯ ಎಂಬುದಕ್ಕೆ ಅಪರೂಪದ ಪುರಾವೆಯೊಂದಿದೆ. ಅಮೆರಿಕದಲ್ಲಿ 1994ರಿಂದ 1998ರವರೆಗೆ ಐದು ನಗರಗಳಲ್ಲಿ ಒಂದು ಪ್ರಯೋಗ ನಡೆಯಿತು. ಕಡು ಬಡತನದ ವಸತಿಗಳಲ್ಲಿದ್ದ ಸುಮಾರು 4,600 ಕುಟುಂಬಗಳಲ್ಲಿ ಚೀಟಿ ಎತ್ತಿ, ಕೆಲವರಿಗೆ ಬಡತನ ಕಡಿಮೆಯಿರುವ ಬಡಾವಣೆಗೆ ಹೋಗಲು ಬಾಡಿಗೆ ನೆರವು ಕೊಟ್ಟರು. ರಾಜ್ ಚೆಟ್ಟಿ, ನಥಾನಿಯಲ್ ಹೆಂಡ್ರನ್ ಮತ್ತು ಲಾರೆನ್ಸ್ ಕಾಟ್ಜ್ ಎಂಬ ಅರ್ಥಶಾಸ್ತ್ರಜ್ಞರು ಆ ಮಕ್ಕಳು ದೊಡ್ಡವರಾದ ಮೇಲಿನ ಆದಾಯವನ್ನು ಹುಡುಕಿ ನೋಡಿದರು. 13 ತುಂಬುವ ಮೊದಲೇ ಸ್ಥಳಾಂತರಗೊಂಡವರ ಆದಾಯ ಇಪ್ಪತ್ತರ ದಶಕದ ನಡುವಿಗೆ ಶೇ 31ರಷ್ಟು ಹೆಚ್ಚಿತ್ತು. 13 ದಾಟಿದ ಮೇಲೆ ಹೋದವರಿಗೆ ಲಾಭ ಕಾಣಲಿಲ್ಲ. ಫಲ ಸ್ವಲ್ಪ ನಷ್ಟದ ಕಡೆಗೇ ವಾಲಿತ್ತು. ನಿಮ್ಮದು ಆ ಬಗೆಯ ಬಡತನದ ಪರಿಸ್ಥಿತಿ ಅಲ್ಲವಾದ್ದರಿಂದ 31 ಎಂಬ ಅಂಕಿಯನ್ನು ಎರವಲು ತರಬೇಡಿ. ತರಬೇಕಾದ್ದು ಎರಡು ತಿಳಿವಳಿಕೆ. ಒಂದು, ಒಳ್ಳೆಯ ಪರಿಸರದಲ್ಲಿ ಕಳೆದ ಬಾಲ್ಯದ ವರ್ಷಗಳು ಒಂದಕ್ಕೊಂದು ಕೂಡುತ್ತಾ ಹೋಗುತ್ತವೆ. ಬೇಗ ಹೋದಷ್ಟೂ ಹೆಚ್ಚು ವರ್ಷ. ಇನ್ನೊಂದು, ಊರಿಂದೂರಿಗೆ ಹೋಗದೆ ಕೇರಿ ಬದಲಿಸಿದರೂ ಮಗುವಿನ ಬದುಕು ಬದಲಾಗಬಲ್ಲದು.

ಮಗುವಿರುವ ಮನೆಗೆ ಬಡಾವಣೆ ನೋಡುವಾಗ ಶಾಲೆಯ ಹೆಸರಿನ ಜೊತೆಗೆ ದಾರಿಯನ್ನೂ ನೋಡಿ. ಹತ್ತು ವರ್ಷದ ಮಗು ಒಂಟಿಯಾಗಿ ಶಾಲೆಗೋ ಮೈದಾನಕ್ಕೋ ನಡೆದು ಹೋಗಬಲ್ಲದೇ? ಆಗದಿದ್ದರೆ ಮುಂದಿನ ಏಳೆಂಟು ವರ್ಷ ಅದರ ಸಾರಥಿ ನೀವೇ. ಹಸಿರಿನ ಬಗ್ಗೆ ಕೊನೈನೆಂಡೈಕ್ ಎಂಬ ನಗರ ಅರಣ್ಯತಜ್ಞರು 2021ರಲ್ಲಿ ಮುಂದಿಟ್ಟ 3-30-300 ಸೂತ್ರ ನೆನಪಿಡಲು ಸುಲಭ: ಮನೆಯಿಂದ 3 ಮರ ಕಾಣಬೇಕು, ಬಡಾವಣೆಯ ಶೇ 30ರಷ್ಟು ಜಾಗಕ್ಕೆ ಮರಗಳ ನೆರಳಿರಬೇಕು, ಉದ್ಯಾನ 300 ಮೀಟರಿನೊಳಗಿರಬೇಕು. ಮೂರೂ ಸಿಗುವುದು ಅಪರೂಪ. ಒಂದೂ ಇಲ್ಲದ ಜಾಗವಾದರೆ ಬಿಡಿ.

ಗಾಳಿಯ ವಿಷಯದಲ್ಲಿ ವಾರ್ಷಿಕ ಸರಾಸರಿ ನೋಡಿ ಮೋಸಹೋಗುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5 ಎಂಬ ಅತಿ ಸೂಕ್ಷ್ಮ ಕಣಗಳ ವಾರ್ಷಿಕ ಮಿತಿಯನ್ನು ಘನಮೀಟರಿಗೆ 10ರಿಂದ 5 ಮೈಕ್ರೋಗ್ರಾಮಿಗೆ ಇಳಿಸಿತು. ದಿನದ ಮಿತಿ 15. ಜಗತ್ತಿನ ಬಹುತೇಕ ನಗರಗಳು ಈ ಗೆರೆಯ ಮೇಲೆಯೇ ಇವೆ. ಆದ್ದರಿಂದ ‘ಮಿತಿಯೊಳಗಿದೆಯೇ’ ಎಂದು ಕೇಳಿ ಪ್ರಯೋಜನವಿಲ್ಲ. ನೀವು ಹೋಗಲಿರುವ ಬಡಾವಣೆಗೆ ಹತ್ತಿರದ ಮಾಪನ ಕೇಂದ್ರದ ತಿಂಗಳುವಾರು ಅಂಕಿ ತೆಗೆದು, ಅತಿ ಕೆಟ್ಟ ಮೂರು ತಿಂಗಳು ಈಗಿನ ಊರಿನ ಅದೇ ತಿಂಗಳುಗಳಿಗಿಂತ ಎಷ್ಟು ಪಟ್ಟು ಕೆಟ್ಟದಾಗಿವೆ ಎಂದು ಹೋಲಿಸಿ. ಮನೆಯಲ್ಲಿ ಯಾರಿಗಾದರೂ ಉಬ್ಬಸವಿದ್ದರೆ ಉಳಿದೆಲ್ಲ ಲೆಕ್ಕಕ್ಕಿಂತ ಇದು ಮೊದಲು.

ಮನೆ ಕೊಳ್ಳುವ ಅವಸರ

ಊರು ತಪ್ಪಾದರೆ ಬಿಡಬಹುದು. ಮನೆ ಕೊಂಡ ಮೇಲೆ ಬಿಡುವುದು ಕಷ್ಟ. ತಪ್ಪು ಆಯ್ಕೆ ಗಟ್ಟಿಯಾಗುವುದೇ ಅಲ್ಲಿ. ಹೊಸ ಊರಿನಲ್ಲಿ ಮೊದಲ ಹನ್ನೆರಡು ತಿಂಗಳು, ಎಲ್ಲ ಋತುಗಳೂ ಒಮ್ಮೆ ಕಳೆಯುವವರೆಗೆ, ಮನೆ ಕೊಳ್ಳಬೇಡಿ.

ಆಮೇಲೆ ಒಂದು ಭಾಗಾಕಾರ ಮಾಡಿ: ಮನೆಯ ಬೆಲೆಯನ್ನು ಅಂಥದ್ದೇ ಮನೆಯ ಒಂದು ವರ್ಷದ ಬಾಡಿಗೆಯಿಂದ ಭಾಗಿಸಿ. ಉತ್ತರ 15ರ ಒಳಗಿದ್ದರೆ ಕೊಳ್ಳುವುದು ಸಾಮಾನ್ಯವಾಗಿ ಲಾಭ. 20 ದಾಟಿದರೆ ಬಾಡಿಗೆಯೇ ಮೇಲು. ನಡುವೆ ಇದ್ದರೆ ಎಷ್ಟು ವರ್ಷ ಇರುತ್ತೀರಿ ಎಂಬುದು ನಿರ್ಧರಿಸುತ್ತದೆ. ಇದು ಕೈಗಣಿತ ಮಾತ್ರ, ಸಾಲದ ಬಡ್ಡಿದರ ಇದನ್ನು ಆಚೀಚೆ ಮಾಡುತ್ತದೆ. ಆದರೆ ಉತ್ತರ 30 ಬಂದಾಗ, ಅಂದರೆ ವರ್ಷದ ಬಾಡಿಗೆ ಬೆಲೆಯ ಶೇ 3.3 ಮಾತ್ರ ಇದ್ದು ಸಾಲದ ಬಡ್ಡಿ ಅದರ ಇಮ್ಮಡಿ ಇರುವಾಗ, ‘ಬಾಡಿಗೆ ಕಟ್ಟಿದ ದುಡ್ಡು ಹೊಳೆಗೆ ಹಾಕಿದಂತೆ’ ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಬಡ್ಡಿಯೂ ಅದೇ ಹೊಳೆಗೇ ಹೋಗುತ್ತದೆ.

ನೋಂದಣಿ, ತೆರಿಗೆ, ದಲ್ಲಾಳಿ, ವಕೀಲರು ಎಂದು ಕೊಳ್ಳುವಾಗಲೂ ಮಾರುವಾಗಲೂ ಖರ್ಚಿದೆ. ಎರಡೂ ಸೇರಿ ಬೆಲೆಯ ಶೇ 10 ಆಗುತ್ತದೆಂದಿಟ್ಟುಕೊಳ್ಳಿ. ಮೂರೇ ವರ್ಷಕ್ಕೆ ಮಾರಿ ಹೊರಟರೆ ವರ್ಷಕ್ಕೆ ಶೇ 3.3 ಈ ಖರ್ಚಿಗೇ ಹೋಯಿತು. ಹತ್ತು ವರ್ಷ ಇದ್ದರೆ ಶೇ 1. ಏಳು ವರ್ಷ ಇರುತ್ತೇವೆಂಬ ಖಾತರಿ ಇಲ್ಲದ ಊರಿನಲ್ಲಿ ಕೊಳ್ಳುವುದು ಬೇಡ ಎನ್ನುವುದು ಇದೇ ಕಾರಣಕ್ಕೆ.

ಮುಪ್ಪಿನ ಊರು

ಇಲ್ಲಿ ಜನ ಮಾಡುವ ತಪ್ಪು ಹೆಚ್ಚೂಕಡಿಮೆ ಒಂದೇ: ತಡ ಮಾಡುವುದು. ಬಿದ್ದು ಸೊಂಟ ಮುರಿದ ಮೇಲೆ, ಸಂಗಾತಿ ತೀರಿಹೋದ ಮೇಲೆ, ಮರೆವು ಶುರುವಾದ ಮೇಲೆ ಊರು ಬದಲಿಸುತ್ತಾರೆ. ಮರೆವಿನ ಕಾಯಿಲೆ ಇರುವವರಿಗೆ ಹಳೆಯ ಮನೆಯ ಪರಿಚಯವೇ ಒಂದು ಊರುಗೋಲು. ಕತ್ತಲಲ್ಲೂ ಬಚ್ಚಲ ಮನೆಯ ದಾರಿ ಕಾಲಿಗೆ ಗೊತ್ತಿರುತ್ತದೆ. ಹೊಸ ಮನೆಯಲ್ಲಿ ಗೊಂದಲ ಹೆಚ್ಚುತ್ತದೆ, ಬೀಳುವುದೂ ಹೆಚ್ಚುತ್ತದೆ. ಕೊನೆಯ ಸ್ಥಳಾಂತರ ಏನಿದ್ದರೂ ಅದು ಅಗತ್ಯ ಬೀಳುವುದಕ್ಕೆ ಹತ್ತು ವರ್ಷ ಮೊದಲು ಆಗಬೇಕು.

ಅಷ್ಟು ಮೊದಲೇಕೆ? ಗೆಳೆತನಕ್ಕೆ ಸಮಯ ಹಿಡಿಯುತ್ತದೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಇದನ್ನು ಗಂಟೆಗಳಲ್ಲಿ ಅಳೆದಿದ್ದಾರೆ: ಬರಿಯ ಪರಿಚಯ ಸಾಮಾನ್ಯ ಗೆಳೆತನವಾಗಲು ಸುಮಾರು 50 ಗಂಟೆ, ನಿಜವಾದ ಗೆಳೆತನಕ್ಕೆ 90, ಆಪ್ತತೆಗೆ 200ಕ್ಕೂ ಹೆಚ್ಚು. ವಾರಕ್ಕೆ ಎರಡು ಗಂಟೆ ಭೇಟಿಯಾದರೆ 200 ಗಂಟೆಗೆ ಎರಡು ವರ್ಷ ಬೇಕು, ಅದೂ ಒಬ್ಬರೊಂದಿಗೆ. ಅರವತ್ತಕ್ಕೆ ಬಂದವರು ಎಪ್ಪತ್ತರೊಳಗೆ ಒಂದು ಬಳಗ ಕಟ್ಟಿಕೊಳ್ಳುತ್ತಾರೆ. ಎಂಬತ್ತಕ್ಕೆ ಬಂದವರ ಪಾಲಿಗೆ ಆ ಊರಿನಲ್ಲಿ ಇರುವುದು ಮಗ, ಸೊಸೆ, ಟಿವಿ.

ನಿವೃತ್ತಿಯ ಕನಸಿನಲ್ಲಿ ಸಾಮಾನ್ಯವಾಗಿ ಒಂದು ಬೆಟ್ಟದೂರೋ ಕಡಲತೀರವೋ ಇರುತ್ತದೆ. ತಂಪು ಗಾಳಿ, ಶಾಂತಿ, ಕಡಿಮೆ ಖರ್ಚು. ಅರವತ್ತೆರಡರಲ್ಲಿ ಅದು ಸ್ವರ್ಗವೇ ಸರಿ. ಎಪ್ಪತ್ತೆಂಟರಲ್ಲಿ, ಗಾಡಿ ಓಡಿಸುವುದು ನಿಂತ ಮೇಲೆ, ಅದೇ ಊರು ಸೆರೆಮನೆಯಾಗುತ್ತದೆ. ಆಸೆಯಿದ್ದರೆ ಅಲ್ಲಿ ಬಾಡಿಗೆಗೆ ಐದು ವರ್ಷ ಇದ್ದು ಬನ್ನಿ. ಹಳೆಯ ಮನೆ ಮಾರಿ ಹೋಗಬೇಡಿ.

ಆಸ್ಪತ್ರೆಯ ವಿಷಯದಲ್ಲಿ ‘ಹತ್ತಿರದಲ್ಲಿ ದೊಡ್ಡ ಆಸ್ಪತ್ರೆಯಿದೆ’ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಮಿದುಳಿನ ರಕ್ತನಾಳ ಕಟ್ಟಿ ಪಾರ್ಶ್ವವಾಯು ಹೊಡೆದರೆ ಹೆಪ್ಪು ಕರಗಿಸುವ ಔಷಧವನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡುವ ಮೊದಲು ಮಿದುಳಿನ ಸ್ಕ್ಯಾನ್ ಆಗಬೇಕು, ಏಕೆಂದರೆ ರಕ್ತಸ್ರಾವದ ಪಾರ್ಶ್ವವಾಯುವಿಗೆ ಅದೇ ಔಷಧ ಪ್ರಾಣಾಪಾಯ ತರುತ್ತದೆ. ತೀವ್ರ ಹೃದಯಾಘಾತದಲ್ಲಿ, ರೋಗ ಗುರುತಿಸಿದ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಕಟ್ಟಿಕೊಂಡ ರಕ್ತನಾಳವನ್ನು ತೆರೆಯುವ ಚಿಕಿತ್ಸೆ) ಆಗುವಂತಿದ್ದರೆ ಅದೇ ಮೊದಲ ಆಯ್ಕೆ. ಆಗದಿದ್ದರೆ ಮೊದಲು ಔಷಧ ಕೊಟ್ಟು ಸಾಗಿಸಬೇಕಾಗುತ್ತದೆ. ಹಾಗಾಗಿ ಆಸ್ಪತ್ರೆಗೆ ಫೋನ್ ಮಾಡಿ ನೇರವಾಗಿ ಕೇಳಿ: ರಾತ್ರಿ ಎರಡು ಗಂಟೆಗೆ ಸಿಟಿ ಸ್ಕ್ಯಾನ್ ಆಗುತ್ತದೆಯೇ? ಹೆಪ್ಪು ಕರಗಿಸುವ ಔಷಧ ಅಲ್ಲೇ ಕೊಡುತ್ತೀರಾ? ಆಂಜಿಯೋಪ್ಲಾಸ್ಟಿ ಮಾಡುವ ತಂಡ ರಜಾದಿನದಲ್ಲೂ ಸಿಗುತ್ತದೆಯೇ? ‘ಬೆಳಿಗ್ಗೆ ಡಾಕ್ಟರು ಬರುತ್ತಾರೆ’ ಎಂದರೆ ಆ ಆಸ್ಪತ್ರೆಯನ್ನು ಈ ಲೆಕ್ಕದಿಂದ ತೆಗೆದುಬಿಡಿ. ಮನೆಯಲ್ಲಿ ಮೂತ್ರಪಿಂಡದ ತೊಂದರೆ ಇರುವವರಿದ್ದರೆ ಡಯಾಲಿಸಿಸ್ ಕೇಂದ್ರದ ದೂರವೂ ಮುಖ್ಯ. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆಯ ಚಿಕಿತ್ಸೆ ಅದು. ಒಂದು ಬದಿಗೆ ಒಂದೂವರೆ ಗಂಟೆ ಪ್ರಯಾಣವಾದರೆ ವಾರದ ಮೂರು ದಿನಗಳು ಪೂರ್ತಿ ಅದಕ್ಕೇ ಹೋದವು.

ರಸ್ತೆ ದಾಟುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಾದಚಾರಿ ಸಿಗ್ನಲ್‌ಗಳನ್ನು ಹಲವೆಡೆ ಸೆಕೆಂಡಿಗೆ 1.2 ಮೀಟರ್ ನಡಿಗೆಯ ಲೆಕ್ಕದಲ್ಲಿ ಹೊಂದಿಸಿರುತ್ತಾರೆ. 14 ಮೀಟರ್ ಅಗಲದ ರಸ್ತೆಗೆ ಸುಮಾರು 12 ಸೆಕೆಂಡು. ಮಂಡಿನೋವಿರುವ ಹಿರಿಯರು 0.8 ಮೀಟರ್ ವೇಗದಲ್ಲಿ ನಡೆದರೆ ಹದಿನೇಳೂವರೆ ಸೆಕೆಂಡು ಬೇಕು. ನಡುರಸ್ತೆಯಲ್ಲೇ ದೀಪ ಬದಲಾಗುತ್ತದೆ. ಒಮ್ಮೆ ಹಾಗಾದರೆ ಅವರು ಆಚೆ ಬದಿಯ ಉದ್ಯಾನಕ್ಕೆ ಹೋಗುವುದನ್ನೇ ಬಿಡುತ್ತಾರೆ. ಮನೆಯ ಪ್ರವೇಶದಲ್ಲಿ ಮೆಟ್ಟಿಲಿದ್ದರೆ ಪಕ್ಕದಲ್ಲಿ ಇಳಿಜಾರು ಕಟ್ಟಲು ಜಾಗವಿದೆಯೇ ಅಳೆಯಿರಿ: 1ಕ್ಕೆ 12ರ ಪ್ರಮಾಣದಲ್ಲಿ ಅರ್ಧ ಮೀಟರ್ ಎತ್ತರಕ್ಕೆ 6 ಮೀಟರ್ ಉದ್ದ ಬೇಕು. ಲಿಫ್ಟ್ ಇದ್ದರೆ ಸಾಲದು, ವಿದ್ಯುತ್ ಹೋದಾಗಲೂ ಅದು ಓಡಬೇಕು, ಮತ್ತು ಅದರೊಳಗೆ ಸ್ಟ್ರೆಚರ್ ಹಿಡಿಯಬೇಕು.

ಬಿಸಿಲಿನ ಊರಾದರೆ ಹಗಲಿನ ಗರಿಷ್ಠ ತಾಪಮಾನಕ್ಕಿಂತ ರಾತ್ರಿಯ ಕನಿಷ್ಠ ತಾಪಮಾನ ನೋಡಿ. ಹಗಲಿನ ಶಾಖವನ್ನು ಕಾಂಕ್ರೀಟು ರಾತ್ರಿ ಬಿಟ್ಟುಕೊಡುವುದರಿಂದ ನಗರದ ನಡುಭಾಗ ರಾತ್ರಿಯೂ ತಣಿಯುವುದಿಲ್ಲ. ವಯಸ್ಸಾದ ದೇಹಕ್ಕೆ ಚೇತರಿಸಿಕೊಳ್ಳಲು ಬೇಕಾದ ಬಿಡುವು ಸಿಗದಿರುವುದು ಇದರಿಂದಲೇ.

ಹೋಗಿ ಇದ್ದು ನೋಡಿ

ಊರನ್ನು ಪ್ರವಾಸಿಯಾಗಿ ನೋಡಿದರೆ ಎಲ್ಲ ಊರೂ ಚೆನ್ನ. ಆ ಊರಿನ ಅತಿ ಕೆಟ್ಟ ತಿಂಗಳಲ್ಲಿ, ಮಳೆಯೋ ಸೆಕೆಯೋ ಹೊಗೆಯೋ ಯಾವುದು ಅಲ್ಲಿನ ಶಾಪವೋ ಆಗ, ಹತ್ತರಿಂದ ಹದಿನಾಲ್ಕು ದಿನ ನಿಮಗೆ ಬೇಕಾದ ಬಡಾವಣೆಯಲ್ಲೇ ಕೋಣೆ ಹಿಡಿದು ಇರಿ. ಕಚೇರಿಗೆ ಕೆಲಸದ ದಿನ, ಕೆಲಸದ ಹೊತ್ತಿಗೆ, ಮೂರು ಸಲ ಹೋಗಿ ಬನ್ನಿ. ಮೂರರ ಸರಾಸರಿ ತೆಗೆಯಬೇಡಿ. ಅತಿ ಹೆಚ್ಚು ಹೊತ್ತು ತೆಗೆದುಕೊಂಡ ದಿನದ ಸಮಯ ಬರೆದುಕೊಳ್ಳಿ, ಮನೆಯಿಂದ ಹೊರಡಬೇಕಾದ್ದು ಆ ಲೆಕ್ಕದಲ್ಲೇ. ಒಂದು ದಿನ ವಾಹನ ಮುಟ್ಟದೆ ಕಳೆಯಿರಿ: ಐದು ಕಿಲೋ ತೂಕದ ಚೀಲ ಹಿಡಿದು ಅಂಗಡಿಯಿಂದ ಮನೆಗೆ ನಡೆದರೆ ಫುಟ್‌ಪಾತಿನ ಯೋಗ್ಯತೆ ತಿಳಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಕಿಟಕಿ ತೆರೆದು ಹತ್ತು ನಿಮಿಷ ಸುಮ್ಮನೆ ಕೂರಿ. ಬೆಳಿಗ್ಗೆ ಏಳಕ್ಕೆ, ಎಲ್ಲರೂ ನೀರು ಬಿಡುವ ಹೊತ್ತಿಗೆ, ಮೇಲಿನ ಮಹಡಿಯ ನಲ್ಲಿ ತಿರುಗಿಸಿ. ತಗ್ಗಿನ ಬೀದಿಯಾದರೆ ಕಾಂಪೌಂಡ್ ಗೋಡೆಗಳ ಬುಡ ನೋಡುತ್ತಾ ಹೋಗಿ. ಒಂದೇ ಎತ್ತರದಲ್ಲಿ ಸಾಲಾಗಿ ಕಲೆ ಕಂಡರೆ ಅಲ್ಲಿಯವರೆಗೆ ನೀರು ನಿಂತಿತ್ತೆಂದು ಅರ್ಥ, ಮಾಲೀಕರು ಏನೇ ಹೇಳಲಿ.

ಅಲ್ಲಿ ಇರುವವರನ್ನು ಕೇಳುವುದಕ್ಕಿಂತ ಅಲ್ಲಿಂದ ಬಿಟ್ಟುಹೋದವರನ್ನು ಕೇಳುವುದು ಮೇಲು. ಇರುವವರು ತಮ್ಮ ಆಯ್ಕೆಯನ್ನು ಸಮರ್ಥಿಸಿಕೊಳ್ಳುತ್ತಾರೆ. ಬಿಟ್ಟುಹೋದ ಇಬ್ಬರು ಮೂವರು ಒಂದೇ ಕಾರಣ ಹೇಳಿದರೆ ಅದು ನಿಮಗೂ ತಟ್ಟುತ್ತದೆ.

ನಿಮ್ಮ ಮನೆಗೆ

ಇಷ್ಟರ ಮೇಲೆ ನಿಮಗೆ ಹೇಳುವುದಾದರೆ: ಹೆಂಡತಿಗೆ ಆ ನಗರದಲ್ಲಿ ಕೆಲಸ ಖಾತರಿಯಾದರೆ, ಅಥವಾ ಈಗಿನ ಕೆಲಸವನ್ನೇ ಅಲ್ಲಿಂದ ಮಾಡಲು ಲಿಖಿತ ಒಪ್ಪಿಗೆ ಸಿಕ್ಕರೆ, ಮತ್ತು ಕಚೇರಿಯಿಂದ 35 ನಿಮಿಷದೊಳಗೆ ನಿಮ್ಮ ಕೈಗೆಟಕುವ ಬಾಡಿಗೆ ಮನೆ ಸಿಕ್ಕರೆ ಹೋಗಿ. ಮಗನಿಗೆ ಐದು, ಊರು ಬದಲಿಸಲು ಇದು ಒಳ್ಳೆಯ ವಯಸ್ಸು. ಈ ಎರಡರಲ್ಲಿ ಒಂದು ತಪ್ಪಿದರೂ ಶೇ 30ಕ್ಕಾಗಿ ಹೊರಡಬೇಡಿ; ಈಗಿನ ಊರಿನಲ್ಲೇ ಸಂಬಳದ ಮಾತುಕತೆಗೆ ಆ ಆಹ್ವಾನಪತ್ರ ಉಪಯೋಗಕ್ಕೆ ಬಂದೀತು.

ಹೋದರೆ ಆರು ವರ್ಷಕ್ಕೆ ಹೋಗುತ್ತಿದ್ದೇವೆ ಎಂದುಕೊಂಡು ಹೋಗಿ. ಮಗನಿಗೆ ಹತ್ತೂವರೆ ಆದಾಗ ಮತ್ತೊಮ್ಮೆ ಹಾಳೆ ತೆಗೆದು ಕೂತು, ಹನ್ನೊಂದು ಹನ್ನೆರಡರೊಳಗೆ ‘ಇಲ್ಲೇ ಉಳಿಯುವುದೋ, ಮಧ್ಯಮ ನಗರಕ್ಕೆ ಮರಳುವುದೋ’ ತೀರ್ಮಾನಿಸಿ. ಆಮೇಲೆ ಅವನ ಶಾಲೆ ಮುಗಿಯುವವರೆಗೆ ಅಲುಗಾಡಬೇಡಿ. ಮರಳುವ ಸಾಧ್ಯತೆ ಇರುವುದರಿಂದ ಮಗನನ್ನು ಎರಡೂ ಊರುಗಳಲ್ಲಿ ಸಿಗುವ ಪಠ್ಯಕ್ರಮದ ಶಾಲೆಗೇ ಸೇರಿಸಿ.

ಹೆತ್ತವರನ್ನು ಈಗಲೇ ಕರೆದೊಯ್ಯಬೇಡಿ, ಕೈಬಿಡಲೂ ಬೇಡಿ. ವರ್ಷಕ್ಕೆ ಎರಡು ಸಲ, ಪ್ರತಿ ಸಲ ಮೂರು ನಾಲ್ಕು ವಾರ ಅವರು ನಿಮ್ಮಲ್ಲಿಗೆ ಬಂದಿರಲಿ. ಬಂದಾಗಲೆಲ್ಲ ಅದೇ ವೈದ್ಯರು, ಅದೇ ಉದ್ಯಾನ, ಅದೇ ಬೆಂಚು. ಎಪ್ಪತ್ತೆಂಟಕ್ಕೆ ನಿಜವಾಗಿ ಬರಬೇಕಾದಾಗ ಅಪ್ಪನಿಗೆ ಆ ಬಡಾವಣೆ ಅಪರಿಚಿತವಾಗಿರುವುದಿಲ್ಲ. ಮನೆ ಹುಡುಕುವಾಗಲೇ ನೆಲಮಹಡಿ ಅಥವಾ ಲಿಫ್ಟಿರುವ ಕಟ್ಟಡ ನೋಡಿ, ಬಚ್ಚಲ ಮನೆಯ ಬಾಗಿಲಿನ ಅಗಲ ಅಳೆಯಿರಿ. 80 ಸೆಂಟಿಮೀಟರಿಗಿಂತ ಕಿರಿದಾದರೆ ವೀಲ್‌ಚೇರ್ ತಿರುಗಿಸಿ ಒಳತರುವುದು ಕಷ್ಟ. ಅವರ ಹಳೆಯ ಮನೆಯನ್ನು ಮಾರುವ ಮಾತು ಸದ್ಯಕ್ಕೆ ಎತ್ತಬೇಡಿ. ಅಲ್ಲಿ ಪಕ್ಕದ ಮನೆಯ ಒಬ್ಬರ ಬಳಿ ಒಂದು ಬೀಗದ ಕೈ ಮತ್ತು ನಿಮ್ಮ ಫೋನ್ ನಂಬರ್ ಇರಲಿ.